ಮೂರು ಹವೆಗೆ ಒಂದು ಉಡುಪು

ನಿಮ್ಮ ಮನೆಯಿಂದಲೂ ಮಗಳೋ ಸೊಸೆಯೋ ಮುಂಜಾನೆ ಬಸ್ಸು ಹಿಡಿದು ದೂರದ ಊರಿಗೆ ನೌಕರಿಗೆ ಹೋಗುತ್ತಿರಬಹುದು. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡು ಇಲ್ಲದಂತಾಯಿತು. ನಮ್ಮ ಮಸಗುಪ್ಪಿಯಂಥ ಊರಿನವರಿಗೆ ಅದೊಂದು ದೊಡ್ಡ ಅನುಕೂಲವೇ. ಆದರೆ ಏನು ಉಟ್ಟು ಹೋಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ ನೋಡಿರಿ.

ನನ್ನ ಸೊಸೆಗೆ ಬೆಳಗಾವಿಯಲ್ಲಿ ನೌಕರಿ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು, ಉಳಿದ ದಿನ ಮನೆಯಲ್ಲೇ ಕಂಪ್ಯೂಟರು. ಕಬ್ಬಿನ ಬಿಲ್ಲು ಕೈಗೆ ಬರುವ ತನಕ ಅವಳ ಪಗಾರವೇ ನಮ್ಮ ಮನೆಗೆ ಆಸರೆ. ಆಫೀಸಿನಲ್ಲಿ ಇಂಥದ್ದೇ ಉಡಬೇಕೆಂಬ ಕಟ್ಟುನಿಟ್ಟಿಲ್ಲ, ಅಚ್ಚುಕಟ್ಟಾಗಿದ್ದರೆ ಸಾಕು. ಕಟ್ಟುನಿಟ್ಟು ಇದ್ದದ್ದು ನಮ್ಮ ಮನೆಯಲ್ಲಿ. ನಮ್ಮ ಅತ್ತೆಯವರು ಮೊದಲೇ ಹೇಳಿಬಿಟ್ಟಿದ್ದರು: "ನೌಕರಿಗೆ ಹೋಗಾಕಿ ಸೀರಿ ಉಟಗೊಂಡ ಹೋಗಲಿ. ಮಂದಿ ಮರ್ಯಾದಿ ಕೊಡ್ತಾರ."

ಹವೆ ಒಂದೇ ರೀತಿ ಇದ್ದಿದ್ದರೆ ಈ ಮಾತು ನಡೆಯುತ್ತಿತ್ತೇನೋ. ಗೋಕಾಕದ ಈ ಕಡೆ ನಮ್ಮದು ಬಯಲುನಾಡು, ಮಳೆ ಕಡಿಮೆ, ಬಿಸಿಲು ಚುರುಕು. ಗೋಕಾಕದಿಂದ 60 ಕಿಲೋಮೀಟರಿಗಿಂತ ಹೆಚ್ಚು ಹಾದಿ ಸವೆಸಿದರೆ ಬೆಳಗಾವಿ. ಅದು ಸುಮಾರು 2,500 ಅಡಿ ಎತ್ತರದಲ್ಲಿದೆ, ಸಹ್ಯಾದ್ರಿಗೂ ಹತ್ತಿರ. ಪಡುವಣದ ಮೋಡಗಳು ಅಲ್ಲೇ ಸುರಿದು, ನಮ್ಮ ಕಡೆಗೆ ಬರುವಾಗ ಬರಿಗೈಯಾಗಿರುತ್ತವೆ. ಹೀಗಾಗಿ ಆರಿದ್ರಾ ಮಳೆಯ ಹೊತ್ತಿಗೆ ನಮ್ಮಲ್ಲಿ ಧೂಳು ಹಾರುತ್ತಿದ್ದರೆ ಅಲ್ಲಿ ಜಡಿ ಹಿಡಿದಿರುತ್ತದೆ. ಆಫೀಸಿನೊಳಗೆ ಹೋದರೆ ಏಸಿಯ ಥಂಡಿ ಬೇರೆ. ಒಂದೇ ದಿನದಲ್ಲಿ ಮೂರು ಹವೆ!

ಮೊದಲ ಮಳೆಗಾಲ ಹುಡುಗಿ ಸೀರೆಯಲ್ಲೇ ಕಳೆದಳು. ಒದ್ದೆ ನಿರಿಗೆ ಕಾಲಿಗೆ ಸುತ್ತಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಜಾರಿ ಮೊಣಕಾಲು ಕೆತ್ತಿಸಿಕೊಂಡಳು. ತೊಯ್ದ ಅಂಚಿನಲ್ಲೇ ದಿನವಿಡೀ ಏಸಿಯಲ್ಲಿ ಕೂತು ಎರಡು ಸಲ ಜ್ವರ ಬಂತು. ಕಡೆಗೊಂದು ರಾತ್ರಿ ನನ್ನ ಹತ್ತಿರ ಬಂದು, "ಅತ್ತಿ, ಬಿಟ್ಟಬಿಡ್ಲೇನು ಈ ನೌಕರಿ?" ಎಂದಳು. ಓದಿಸಿದ ತಾಯಿತಂದೆಗಳ ಮುಖ ನನ್ನ ಕಣ್ಣ ಮುಂದೆ ಬಂತು.

ಮರುದಿನ ಅಕ್ಕಿ ಆರಿಸುತ್ತ ಅತ್ತೆಯವರನ್ನು ಕೇಳಿದೆ: "ಅತ್ತಿ, ನೀವು ಹೊಲದಾಗ ಕಸ ತೆಗಿಯಾಕ ಹೋದಾಗ ಸೀರಿ ಮ್ಯಾಲೆ ಎತ್ತಿ ಯಾಕ ಕಟ್ಟತಿದ್ರಿ?" "ಕೆಲಸಾ ಆಗಬೇಕಲ್ಲವಾ," ಎಂದವರು ನನ್ನ ಮುಖ ನೋಡಿ ಸುಮ್ಮನಾದರು. ಸಂಜೆಗೆ ಟ್ರಂಕು ತೆಗೆದು ಗುಳೇದಗುಡ್ಡದ ಎರಡು ಖಣ ತಂದಿಟ್ಟರು. "ಕುಬಸ ಹೊಲಿಸಬೇಕಂತ ಇಟ್ಟಿದ್ದೆ. ಚೂಡಿದಾರ ಹಾಕ್ಕೊಂಡರ ಮ್ಯಾಲೆ ಇದರದೇನರ ಇರಲಿ." ಅಷ್ಟು ಅಪ್ಪಣೆ ನನಗೆ ಸಾಕಾಗಿತ್ತು.

ಆ ಖಣಗಳಿಂದ ತೋಳಿಲ್ಲದ ಜಾಕೀಟು ಹೊಲಿದೆ. ಖಣದ ಅಗಲ ಕಡಿಮೆ, ಆದ್ದರಿಂದ ಬೆನ್ನಿಗೆ ಒಂದು, ಎದೆಗೆ ಒಂದು ಬೇಕೇ ಬೇಕು. ಅಸ್ತರಕ್ಕೆ ಹತ್ತಿ ಬಟ್ಟೆ ಹಾಕುವುದಾದರೆ ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿರಿ. ಇಲ್ಲವಾದರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ ಮೇಲಿನದು ಮುದುರುತ್ತದೆ. ಖಣದ ಮೂಲೆಯನ್ನು ಒದ್ದೆ ಮಾಡಿ ಬಿಳಿ ಅರಿವೆಗೆ ತಿಕ್ಕಿ ನೋಡಿರಿ, ಬಣ್ಣ ಬಿಟ್ಟರೆ ಬೇರೆಯಾಗಿಯೇ ಒಗೆಯಬೇಕು. ಮುಂದೆ ಗುಂಡಿ ಇರಲಿ: ಥಂಡಿಗೆ ಹಾಕಿಕೊಳ್ಳಬಹುದು, ಬಿಸಿಲಿಗೆ ಬಿಚ್ಚಬಹುದು. ಎರಡು ಕಿಸೆ ಮರೆಯಬೇಡಿರಿ. ಹೆಣ್ಣುಮಕ್ಕಳ ಉಡುಪಿಗೆ ಕಿಸೆ ಇಡಲು ದರ್ಜಿಗಳಿಗೆ ಅದೇಕೆ ಅಷ್ಟು ಬೇಸರವೋ!

ಒಳಗೆ ಒಂದೇ ಬಣ್ಣದ ಹತ್ತಿಯ ಕುರ್ತಾ, ಮೊಣಕಾಲಿನ ತನಕ ಬರುವಂಥದ್ದು. ಹತ್ತಿ ಬೆವರು ಹೀರುತ್ತದೆ, ಆದರೆ ತೊಯ್ದರೆ ಬೇಗ ಒಣಗದು. ಅದಕ್ಕೇ ಮಳೆಗಾಲದ ಪಾಯಿಜಾಮೆಗೆ ಪಾಲಿಯೆಸ್ಟರ್ ಬೆರೆತ ಬಟ್ಟೆಯೇ ಮೇಲು. ಅದೂ ಗಾಢ ಬಣ್ಣದ್ದು, ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲುವಂಥದ್ದು. ನಮ್ಮ ಎರಿಮಣ್ಣಿನ ಕೆಸರು ತಿಳಿಬಣ್ಣದ ಮೇಲೆ ಬಿದ್ದರೆ ಒಗೆದವಳಿಗೇ ಗೊತ್ತು ಅದರ ಕಷ್ಟ. ಓಢಣಿ ಮಾತ್ರ ದೊಡ್ಡದಾಗಿ, ತೆಳ್ಳಗಿರಲಿ. ಬಿಸಿಲಿಗೆ ತಲೆಗೆ, ಬಸ್ಸಿನ ಗಾಳಿಗೆ ಕಿವಿಗೆ, ಏಸಿಗೆ ಹೆಗಲಿಗೆ.

ಚೀಲದಲ್ಲಿ ಛತ್ರಿ, ರೇನಕೋಟು, ಸಣ್ಣ ಟಾವೆಲು, ಒದ್ದೆ ಬಟ್ಟೆ ತುಂಬಲು ಒಂದು ಪ್ಲಾಸ್ಟಿಕ್ ಚೀಲ. ಹಾದಿಗೆ ರಬ್ಬರಿನ ಚಪ್ಪಲಿ. ಒಳ್ಳೆಯ ಜೋಡು ಆಫೀಸಿನ ಡ್ರಾಯರಿನಲ್ಲೇ ಇರುತ್ತದೆ, ಜೊತೆಗೆ ಒಂದು ಒಣ ಪಾಯಿಜಾಮೆ. ಈ ಕೊನೆಯದು ಸೊಸೆಯದೇ ಯುಕ್ತಿ. ಆಮೇಲಿನ ಮಳೆಗಾಲ ಜ್ವರ ಬರಲಿಲ್ಲ, ನೌಕರಿ ಬಿಡುವ ಮಾತೂ ಬರಲಿಲ್ಲ.

ಆಫೀಸಿನ ಗೆಳತಿಯರು ಜಾಕೀಟು ಎಲ್ಲಿ ಕೊಂಡದ್ದೆಂದು ಕೇಳಿದರಂತೆ. "ನಮ್ಮ ಆಯೀ ಟ್ರಂಕಿನಾಗ," ಎಂದಳಂತೆ. ಅದನ್ನು ಕೇಳಿ ಅತ್ತೆಯವರು ಇನ್ನೊಂದು ಖಣ ತೆಗೆದಿಟ್ಟಿದ್ದಾರೆ; ಜೋಡಿಗೆ ಎರಡನೆಯದು ಹುಡುಕುತ್ತಿದ್ದೇವೆ. ಜೀನ್ಸಿನ ಪ್ಯಾಂಟಿನ ಮಾತು ಇನ್ನೂ ಅವರ ಕಿವಿಗೆ ಹಾಕಿಲ್ಲ. ನನಗೂ ಅದರ ಮೇಲೆ ಮನಸ್ಸಿಲ್ಲ, ಮರ್ಯಾದೆಯ ಪ್ರಶ್ನೆಯಿಂದಲ್ಲ. ಮಳೆಗಾಲದಲ್ಲಿ ಎರಡು ದಿನ ಹಗ್ಗದ ಮೇಲೆ ನೇತಾಡಿದರೂ ಅದು ಒಣಗುವುದಿಲ್ಲ.