ನಂದಿಬೆಟ್ಟದ ಕಿರುಹಕ್ಕಿಗಳು

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟವು ಸಮುದ್ರಮಟ್ಟದಿಂದ 1,478 ಮೀಟರು ಎತ್ತರಕ್ಕೆ ತಲೆಯೆತ್ತಿ ನಿಂತಿದೆ. ತಪ್ಪಲಿನಲ್ಲಿ ಭೋಗನಂದೀಶ್ವರ, ನೆತ್ತಿಯ ಮೇಲೆ ಯೋಗನಂದೀಶ್ವರ. ಹಳೆಯ ಕೋಟೆ, ಅಮೃತ ಸರೋವರ, ಟಿಪ್ಪುವಿನ ಹೆಸರು ಹೊತ್ತ ಕಡಿದಾದ ಬಂಡೆ. ಇವನ್ನು ನೋಡದೆ ಹಿಂದಿರುಗುವವರು ವಿರಳ. ಆದರೆ ಹತ್ತು ಗ್ರಾಮಿನಷ್ಟೂ ತೂಗದ ಯಾತ್ರಿಕರು ಈ ಬೆಟ್ಟಕ್ಕೆ ಬಂದು ಹೋಗುವರೆಂಬುದನ್ನು ಬಲ್ಲವರು ಕಡಮೆ.

ಚಳಿಗಾಲದ ಮುಂಜಾವಿನಲ್ಲಿ ಮಂಜು ಸರಿಯುತ್ತಲೇ ಎಲೆಗಳ ನಡುವೆ ಚಿವ್ ಎಂದು ಸದ್ದಾಗುವುದು. ಅದು ಉಲಿಯಕ್ಕಿ, ಹಿಮಾಲಯದಿಂದಲೂ ಅದರಾಚೆಯ ಕಾಡುಗಳಿಂದಲೂ ನಮ್ಮ ನಾಡಿಗೆ ಚಳಿ ಕಳೆಯಲು ಬಂದ ಅತಿಥಿ. ಬಿಳಿಯ ರಾಜಹಕ್ಕಿಯು ಬಾಲದ ನೀಳ ಗರಿಗಳೆರಡನ್ನು ಉತ್ತರೀಯದಂತೆ ಬೀಸುತ್ತ ನೆರಳಿನಿಂದ ನೆರಳಿಗೆ ತೇಲುವುದು. ಬಂಡೆಗಳ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರವುಂಟು. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಈ ಹಕ್ಕಿಯು ಈಗ ಅಳಿವಿನ ಭೀತಿಯನ್ನು ಎದುರಿಸುತ್ತಿರುವವುಗಳಲ್ಲಿ ಒಂದು.

ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಕೈಯಲ್ಲೊಂದು ಕ್ಯಾಮರ ಹಿಡಿದು ಈ ಬೆಟ್ಟವನ್ನು ಹಲವು ಬಾರಿ ಏರಿದ್ದೇವೆ. 400 ಮಿಲಿಮೀಟರಿನ ದೂರದರ್ಶಕ ಮಸೂರವೂ ಸೇರಿ ಅದರ ತೂಕ ಸುಮಾರು ಎರಡು ಕಿಲೋಗ್ರಾಮು. ಮುಕ್ಕಾಲಿ ಪೀಠವನ್ನು ಹೊರುವುದಿಲ್ಲ. ಏತಕ್ಕೆಂದರೆ ಕಿರುಹಕ್ಕಿಯು ಒಂದು ಕೊಂಬೆಯಲ್ಲಿ ಎರಡು ಕ್ಷಣ ನಿಲ್ಲುವುದೇ ಹೆಚ್ಚು. ಮೊಳಕೈಗಳನ್ನು ಪಕ್ಕೆಗೆ ಒತ್ತಿ, ಎಡ ಅಂಗೈಯ ಮೇಲೆ ಮಸೂರವನ್ನು ಹೊರಿಸಿ, ಉಸಿರನ್ನು ಅರ್ಧ ಬಿಟ್ಟು, ಗುಂಡಿಯನ್ನು ಮೆಲ್ಲನೆ ಒತ್ತತಕ್ಕದ್ದು. ಕೈಯ ನಡುಕ ಚಿತ್ರವನ್ನು ಕೆಡಿಸದಿರಬೇಕಾದರೆ ಸೆಕೆಂಡಿನ 400ನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಬೆಳಕನ್ನು ಒಳಬಿಡಬಾರದೆಂಬುದು ಹಳೆಯ ಸೂತ್ರ. ಇಂದಿನ ಮಸೂರಗಳು ನಡುಕವನ್ನು ತಾವೇ ತಗ್ಗಿಸುವುವು. ಆದರೆ ಹಕ್ಕಿಯ ಚಾಂಚಲ್ಯವನ್ನು ತಗ್ಗಿಸಲಾರವು. ಅದಕ್ಕೆ 1,000ನೆಯ ಒಂದು ಭಾಗವೋ ಇನ್ನೂ ಕಿರಿದಾದ ಕಾಲವೋ ಬೇಕು. ಕಣ್ಣು ಸ್ಪಷ್ಟವಾಗಿ ಮೂಡಿದರೆ ಮಿಕ್ಕುದೆಲ್ಲವೂ ಕ್ಷಮ್ಯ.

ಕೈಯ ಕ್ಯಾಮರಕ್ಕೆ ಇನ್ನೊಂದು ಗುಣವುಂಟು. ಹಿಂದೆ ಗಾಜಿನ ಫಲಕಗಳ ಭಾರವಾದ ಯಂತ್ರಗಳಿದ್ದಾಗ ಹಕ್ಕಿಯು ತಪ್ಪದೆ ಮರಳುವ ತಾಣವೊಂದು ಬೇಕಿತ್ತು, ಅದೇ ಗೂಡು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು 1892ರಲ್ಲಿ ತೆಗೆದ ಪ್ರಸಿದ್ಧ ಚಿತ್ರ ಮೊಟ್ಟೆಗಳಿದ್ದ ಗೂಡಿನದೇ. ಮುಂದೆ ಅವರು ಟೊಳ್ಳಾದ ಎತ್ತಿನ ಬೊಂಬೆಯೊಳಗೆ ಅಡಗಿ ಕುಳಿತೂ ಚಿತ್ರ ತೆಗೆದರು. ಇಂದು ನಮಗೆ ಗೂಡಿನ ಹಂಗಿಲ್ಲ. ಆದರೂ ಗೂಡಿಗೆ ಅಡ್ಡವಾದ ರೆಂಬೆಯನ್ನು ಸವರುವವರು ಇದ್ದಾರೆ. ಮರೆ ತಪ್ಪಿದ ಗೂಡು ಕಾಗೆಯ ಕಣ್ಣಿಗೂ ಬಿಸಿಲಿಗೂ ಬೀಳುವುದು. ಚಿತ್ರವು ಉಳಿಯುವುದು, ಮರಿಗಳು ಉಳಿಯವು.

ಕಳೆದ ಪುಷ್ಯಮಾಸದಲ್ಲಿ ತರುಣನೊಬ್ಬನು ಬಂಡೆಯ ಮರೆಯಲ್ಲಿ ನಿಂತು ಮೊಬೈಲಿನಿಂದ ಪಿಕಳಾರದ ಕೂಗನ್ನು ಮತ್ತೆ ಮತ್ತೆ ನುಡಿಸುತ್ತಿದ್ದನು. ಹಕ್ಕಿಯು ಮೇವನ್ನು ಬಿಟ್ಟು, ಕಾಣದ ಎದುರಾಳಿಯನ್ನು ಹುಡುಕುತ್ತ ಪೊದೆಯಿಂದ ಪೊದೆಗೆ ಹಾರಾಡುತ್ತಿತ್ತು.

“ಅಪ್ಪಾ, ನಿನ್ನ ಮನೆಯ ಬಾಗಿಲಲ್ಲಿ ಯಾವನೋ ನಿಂತು ‘ಈ ಮನೆ ನನ್ನದು’ ಎಂದು ಗಳಿಗೆಗೊಮ್ಮೆ ಕೂಗಿದರೆ ನೀನು ಊಟಕ್ಕೆ ಕೂರುವೆಯಾ?” ಎಂದೆವು.

ಅವನು ಸದ್ದನ್ನು ನಿಲ್ಲಿಸಿ, “ಹಾಗೆ ಯೋಚಿಸಿರಲಿಲ್ಲ ಸಾರ್. ದೂರದಿಂದ ಬಂದಿದ್ದೇನೆ, ಬರಿಗೈಯಲ್ಲಿ ಹೋಗುವುದು ಹೇಗೆ?” ಎಂದನು.

ಪ್ರಶ್ನೆ ನ್ಯಾಯವಾದದ್ದೇ. ಇಬ್ಬರೂ ಅರ್ಧ ಗಂಟೆ ಕುಳಿತು ಕಾದೆವು. ಪಿಕಳಾರವು ಮರಳಲಿಲ್ಲ. ಬೆಳ್ಗಣ್ಣಗಳ ಗುಂಪೊಂದು ತಾನಾಗಿ ನಾಲ್ಕು ಮಾರಿನಷ್ಟು ಹತ್ತಿರ ಬಂದು, ಹುಳುಗಳನ್ನು ಹೆಕ್ಕಿ ಹೋಯಿತು. ಇಬ್ಬರಿಗೂ ಒಂದೊಂದು ಚಿತ್ರ ದೊರೆಯಿತು.

ಕಾಳಿದಾಸನ ಶಾಕುಂತಲದಲ್ಲಿ, ಜಿಂಕೆಯನ್ನು ಅಟ್ಟಿ ಬಂದ ದುಷ್ಯಂತನಿಗೆ ಅದು ಆಶ್ರಮದ ಮೃಗವೆಂದು ತಪಸ್ವಿಗಳು ಅಡ್ಡಬರುತ್ತಾರೆ. ಚಕ್ರವರ್ತಿಯು ಮರುಮಾತಿಲ್ಲದೆ ಬಾಣವನ್ನು ಹಿಂದಕ್ಕೆ ತೆಗೆಯುತ್ತಾನೆ. ಗೂಡು ಹಕ್ಕಿಯ ಆಶ್ರಮ. ನಮ್ಮ ಕೈಯಲ್ಲಿ ಬಾಣವಿಲ್ಲವೆಂದು ಸಮಾಧಾನಪಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ಯೆಂಬ ಶಬ್ದಕ್ಕೆ ಅರ್ಥ ಹೇಳುವಾಗ, ಕಾಡುಹಕ್ಕಿಗಳ ಮೊಟ್ಟೆಗಳಿಗೂ ಗೂಡುಗಳಿಗೂ ತೊಂದರೆ ಕೊಡುವುದನ್ನು ಅದರಲ್ಲಿ ಸೇರಿಸಿದೆ.

ವಾಚಕರು ಮಕ್ಕಳೊಡನೆ ಬೆಟ್ಟಕ್ಕೆ ಹೋಗುವುದಾದರೆ ರಜೆಯ ದಿನಗಳನ್ನು ಬಿಟ್ಟು, ಬೆಳಗಿನ ಹೊತ್ತು, ಮಾಸಿದ ಬಣ್ಣದ ಉಡುಪಿನಲ್ಲಿ ಹೋಗಲಿ. ಸೂರ್ಯನು ಬೆನ್ನ ಹಿಂದಿರಲಿ. ಹಕ್ಕಿಯು ಮೇಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡತೊಡಗಿದರೆ, ಅಲ್ಲಿಗೇ ನಿಂತು ಒಂದು ಹೆಜ್ಜೆ ಹಿಂದೆ ಸರಿಯಲಿ. ಅಷ್ಟು ದೂರ ಹೋಗಲಾಗದವರಿಗೆ ಹಿತ್ತಲ ದಾಸವಾಳಕ್ಕೆ ಬರುವ ಸೂರಕ್ಕಿಯೇ ಸಾಕು. ಕೈ ಪಳಗುವುದಕ್ಕೂ, ತಾಳ್ಮೆ ಬೆಳೆಯುವುದಕ್ಕೂ.