ಮೂವತ್ತಮೂರು ರೂಪಾಯಿ ಹೊಲಿಗೆ

2026ರ ಜನವರಿ 27ರ ರಾತ್ರಿ ಅಕ್ಕನ ಮಗಳ ಫೋನು ಬಂತು. ಮದ್ದೂರಿನ ಹತ್ತಿರ ಗಾರ್ಮೆಂಟ್ಸ್‌ಗೆ ಹೋಗುವವಳು. ಬೆಳಿಗ್ಗೆ ಏಳೂವರೆಗೆ ಫ್ಯಾಕ್ಟರಿ ವ್ಯಾನು, ವಾಪಸ್ಸು ಬರುವಷ್ಟರಲ್ಲಿ ಏಳೂವರೆ. ಹಾಗಾಗಿ ವಾರದ ಮಧ್ಯೆ ಅವಳು ಫೋನ್ ಮಾಡುವುದೇ ಇಲ್ಲ. ಯಾರಿಗೋ ಹುಷಾರಿಲ್ಲವೇನೋ ಅಂತ ಗಾಬರಿಯಲ್ಲೇ ಎತ್ತಿದೆ.

"ಮಾವ, ಯೂರೋಪಿನವ್ರ ಜೊತೆ ಅದೇನೋ ಒಪ್ಪಂದ ಆಯ್ತಂತೆ. ಗಾರ್ಮೆಂಟ್ಸ್‌ನೋರ್ಗೆ ಒಳ್ಳೇದಾಯ್ತದೆ ಅಂತ ಟಿವೀಲಿ ಹೇಳ್ತಾವ್ರೆ. ನಮ್ ಸಂಬ್ಳ ಜಾಸ್ತಿ ಆಯ್ತದಾ?"

ನಾನು ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಅದರಲ್ಲಿ ಬಹುಪಾಲು ಕಳೆದದ್ದು ಬಟ್ಟೆ ಎಕ್ಸ್‌ಪೋರ್ಟ್ ಆಫೀಸುಗಳಲ್ಲಿ, ಅದೂ ಕಾಸ್ಟಿಂಗ್ ವಿಭಾಗದಲ್ಲಿ. ಒಂದು ಶರ್ಟಿಗೆ ಬಟ್ಟೆ ಎಷ್ಟು, ಗುಂಡಿ ಎಷ್ಟು, ದಾರ ಎಷ್ಟು, ಹೊಲಿಗೆ ಎಷ್ಟು ಅಂತ ಲೆಕ್ಕ ಹಾಕಿ ಬೈಯರ್‌ಗೆ ರೇಟು ಕೊಡುವ ಕೆಲಸ. ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಬೇಕಿತ್ತು. "ಭಾನುವಾರ ನಾನೇ ಫೋನ್ ಮಾಡ್ತೀನಿ ಕಣವ್ವ" ಅಂದು ತಪ್ಪಿಸಿಕೊಂಡೆ!

ತಪ್ಪಿಸಿಕೊಂಡಿದ್ದಕ್ಕೆ ಕಾರಣ ಇದೆ. ಅದು ಇಪ್ಪತ್ತು ವರ್ಷ ಹಳೆಯದು.

ಈ ಧಂದೆಯಲ್ಲಿದ್ದವರಿಗೆ ಕೋಟಾ ಅಂದರೆ ನೆನಪಾಗುತ್ತದೆ. 1974ರಿಂದ ಅಮೆರಿಕ, ಯೂರೋಪು, ಕೆನಡಾದವರು ಯಾವ ದೇಶದಿಂದ ಎಷ್ಟು ಶರ್ಟು, ಎಷ್ಟು ಪ್ಯಾಂಟು ತರಿಸಿಕೊಳ್ಳಬೇಕು ಅಂತ ಮಿತಿ ಹಾಕಿದ್ದರು. ನಮ್ಮಲ್ಲಿ ಆ ಕೋಟಾ ಹಂಚುತ್ತಿದ್ದದ್ದು ಎಇಪಿಸಿ. ಹಿಂದಿನ ವರ್ಷಗಳಲ್ಲಿ ರಫ್ತು ಮಾಡಿದವರಿಗೆ ಹೆಚ್ಚು ಪಾಲು. ಅವರು ತಮ್ಮ ಪಾಲನ್ನು ಮಾರಬಹುದಿತ್ತು ಕೂಡ. ಒಂದೂ ಮೆಷಿನ್ ಇಲ್ಲದೆ ಬರೀ ಕೋಟಾ ಮಾರಿಕೊಂಡು ಕಾರಿನಲ್ಲಿ ಓಡಾಡುತ್ತಿದ್ದ ಮಹಾನುಭಾವರನ್ನು ನಾನೇ ಕಂಡಿದ್ದೇನೆ. ಕ್ಯಾಟಗರಿ 340, ಅಂದರೆ ಅಮೆರಿಕಕ್ಕೆ ಹೋಗುವ ಗಂಡಸರ ಕಾಟನ್ ಶರ್ಟು. ಕೆಲವು ಸೀಸನ್‌ಗಳಲ್ಲಿ ಅದರ ಕೋಟಾಕ್ಕೆ ನಾವು ಕೊಟ್ಟ ದುಡ್ಡು ಶರ್ಟು ಹೊಲಿದವರಿಗೆ ಕೊಟ್ಟ ಕೂಲಿಗಿಂತ ಹೆಚ್ಚಾಗಿರುತ್ತಿತ್ತು. ನನ್ನ ಕಾಸ್ಟಿಂಗ್ ಶೀಟಿನಲ್ಲಿ ಎರಡೂ ಒಂದರ ಕೆಳಗೊಂದು ಇರುತ್ತಿದ್ದವು, ಕೋಟಾ, ಹೊಲಿಗೆ.

2004ರ ಡಿಸೆಂಬರ್ 31ಕ್ಕೆ ಕೋಟಾ ಪದ್ಧತಿ ಮುಗಿಯಿತು. ಆಫೀಸಿನಲ್ಲಿ ಪೇಢೆ ಹಂಚಿದರು. ಇನ್ನು ಬೇಕಾದಷ್ಟು ಕಳಿಸಬಹುದು, ಆ ಕೋಟಾದ ದುಡ್ಡು ಉಳಿಯುತ್ತದೆ, ಎಲ್ಲರಿಗೂ ಒಳ್ಳೆಯ ಕಾಲ ಅಂತ. ನಾನೂ ಎರಡು ಪೇಢೆ ತಿಂದೆ, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿಯಲ್ಲಿ ಬೈಯರ್ ಕಡೆಯವರು ಬಂದರು. ಜುಹೂವಿನ ಹೋಟೆಲಿನ ರೂಮಿನಲ್ಲಿ ಸ್ಯಾಂಪಲ್‌ಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಕೂತಿದ್ದೆವು. ಆಕೆಯ ಮೊದಲ ಮಾತೇ, ಕೋಟಾ ಹೋಯಿತಲ್ಲ, ಅಷ್ಟನ್ನು ರೇಟಿನಲ್ಲಿ ಇಳಿಸಿ. ಇಳಿಸಿದೆವು. ಆಮೇಲೆ, ಚೀನಾದಿಂದ ಇನ್ನೂ ಕಮ್ಮಿಗೆ ಬರುತ್ತಿದೆ, ಇನ್ನಷ್ಟು ಇಳಿಸಿ. ಬಟ್ಟೆಯ ರೇಟು ಮಿಲ್ಲಿನವರ ಕೈಯಲ್ಲಿ, ಗುಂಡಿ ಬೈಯರ್ ಹೇಳಿದ ಕಡೆಯಿಂದಲೇ ತರಿಸಬೇಕು. ನಮ್ಮ ಕೈಯಲ್ಲಿ ಉಳಿದದ್ದು ಹೊಲಿಗೆ ಒಂದೇ. ಶರ್ಟಿಗೆ 24 ನಿಮಿಷ ಅಂತ ಹಾಕಿದ್ದೆ, ಅಲ್ಲೇ ಕೂತು 21 ಮಾಡಿದೆ. ಬಾಸ್ ನನ್ನ ಭುಜ ತಟ್ಟಿದರು. ಆ ವರ್ಷ ನನಗೆ ಒಳ್ಳೆಯ ಇನ್‌ಕ್ರಿಮೆಂಟು ಸಿಕ್ಕಿತು.

ನಮ್ಮ ಹೊಲಿಗೆ ಆಗುತ್ತಿದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ. ಕನ್ನಡದವನು ಅಂತ ಫ್ಯಾಕ್ಟರಿ ಕೆಲಸಕ್ಕೆಲ್ಲ ನನ್ನನ್ನೇ ಕಳಿಸುತ್ತಿದ್ದರು. ಏಪ್ರಿಲ್‌ನಲ್ಲಿ ಹೋದಾಗ ಲೈನಿನ ಮುಂದಿನ ಬೋರ್ಡಿನಲ್ಲಿ ಗಂಟೆಯ ಟಾರ್ಗೆಟ್ ಹೆಚ್ಚಾಗಿತ್ತು. ನನ್ನ ಮೂರು ನಿಮಿಷ ಅಲ್ಲಿಗೆ ಬಂದು ಸೇರಿತ್ತು. ಸೂಪರ್‌ವೈಸರ್ ಒಬ್ಬ ಹೆಣ್ಣುಮಗಳ ಮೇಲೆ ಕೂಗುತ್ತಿದ್ದ, ಬಾತ್‌ರೂಮಿಗೆ ಎಷ್ಟು ಸಲ ಹೋಗ್ತೀಯ ಅಂತ. ನಾನು ತಲೆ ಬಗ್ಗಿಸಿಕೊಂಡು ಕಟಿಂಗ್ ಸೆಕ್ಷನ್ ಕಡೆ ಹೋದೆ.

ಇರಲಿ. ಶನಿವಾರ ರಾತ್ರಿ ಹಳೇ ಚಟ ಬಿಡದೆ ಪೇಪರು ಪೆನ್ನು ಹಿಡಿದು ಕೂತೆ. (ಹೆಂಡತಿ "ರಿಟೈರಾದ ಮೇಲೂ ಇದೇನಾ" ಅಂದಳು.) ಟೈಲರ್ ಸಂಬಳ ತಿಂಗಳಿಗೆ ಹನ್ನೆರಡೂವರೆ ಸಾವಿರ ಅಂತಿಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ. ನಿಮಿಷಕ್ಕೆ ಸರಿಯಾಗಿ ಒಂದು ರೂಪಾಯಿ ಬೀಳುತ್ತದೆ! 20 ನಿಮಿಷದ ಶರ್ಟು, ಆದರೆ ಯಾವ ಲೈನೂ ನೂರಕ್ಕೆ ನೂರು ಓಡುವುದಿಲ್ಲ, ಅರವತ್ತು ಅಂದುಕೊಂಡರೆ 33 ನಿಮಿಷ. ಅಂದರೆ ಒಂದು ಶರ್ಟಿನ ಹೊಲಿಗೆ ಕೂಲಿ 33 ರೂಪಾಯಿ. ಈಗ ಅದೇ ಶರ್ಟು ಇಲ್ಲಿಂದ 6 ಡಾಲರಿಗೆ ಹೊರಟಿತು ಅನ್ನಿ. ಯೂರೋಪು, ಬ್ರಿಟನ್ನು ನಮ್ಮ ಶರ್ಟಿಗೆ ವರ್ಷಗಟ್ಟಲೆ ಹಾಕಿದ ಸುಂಕ ಶೇ. 9.6. ಡಾಲರಿಗೆ 86 ರೂಪಾಯಿ ಅಂತಿಟ್ಟುಕೊಂಡರೆ ಸುಮಾರು 50 ರೂಪಾಯಿ.

ಹೊಲಿದವರಿಗೆ 33, ಅವರ ಸರ್ಕಾರಕ್ಕೆ 50.

2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದ, ಈಗ ಯೂರೋಪಿನದು, ಎರಡರಲ್ಲೂ ಈ ಸುಂಕ ಸೊನ್ನೆ ಮಾಡುವ ಮಾತಿದೆ. ಆ 50ರಲ್ಲಿ ಬರೀ ಐದು ರೂಪಾಯಿ ಹೊಲಿದವರಿಗೆ ಬಂದರೂ ಸಂಬಳ ಶೇ. 15 ಏರಬೇಕು, ತಿಂಗಳಿಗೆ ಸಾವಿರದ ಎಂಟುನೂರು ಚಿಲ್ಲರೆ. ಅಕ್ಕನ ಮಗಳ ವ್ಯಾನ್ ಬಾಡಿಗೆ, ಮಗನ ಟ್ಯೂಷನ್ ಫೀಸು ಎರಡೂ ಕಳೆಯುತ್ತದೆ. ಆದರೆ ಸುಂಕ ಕಟ್ಟುವವನು ಅಲ್ಲಿ ಸರಕು ಇಳಿಸಿಕೊಳ್ಳುವ ಬೈಯರ್. ಹಾಗಾಗಿ ಉಳಿದ ದುಡ್ಡು ಮೊದಲು ಬೀಳುವುದೂ ಅವನ ಜೇಬಿಗೇ. ಅಲ್ಲಿಂದ ಜುಹೂ ಹೋಟೆಲಿನಂಥ ರೂಮು ದಾಟಿ, ನನ್ನಂಥವನ ಶೀಟು ದಾಟಿ, ಫ್ಯಾಕ್ಟರಿ ಮಾಲೀಕನನ್ನೂ ದಾಟಿ ಮದ್ದೂರಿಗೆ ಬರಬೇಕು.

ಆದರೆ ಸುಂಕ ಏರಿದಾಗ ಈ ದಾರಿ ಅಷ್ಟೇನೂ ಉದ್ದ ಇಲ್ಲ ನೋಡಿ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ 50 ಪರ್ಸೆಂಟ್ ಹಾಕಿತಲ್ಲ, ಆಗ ಈಗಲೂ ಧಂದೆಯಲ್ಲಿರುವ ಗೆಳೆಯನಿಗೆ ಒಂದೇ ವಾರದಲ್ಲಿ ಮೇಲ್ ಬಂತಂತೆ, ಹೊರೆ ಹಂಚಿಕೊಳ್ಳೋಣ, ರೇಟು ಇಳಿಸಿ ಅಂತ. ಅವನ ಫ್ಯಾಕ್ಟರಿಯಲ್ಲಿ ಓಟಿ ನಿಂತಿತು. ಸುಂಕ ಇಳಿದಾಗ ಲಾಭ ಹಂಚಿಕೊಳ್ಳೋಣ ಅನ್ನುವ ಮೇಲ್ ನನ್ನ ಸರ್ವಿಸಿನಲ್ಲಿ ಒಂದೂ ಬಂದಿಲ್ಲ.

ಸುಂಕ ಸೊನ್ನೆಯಾದರೆ ಏನಾಗುತ್ತದೆ ಅಂತ ನೋಡಲು ಢಾಕಾ ಇದೆ. 2001ರಲ್ಲೇ ಯೂರೋಪು ಬಾಂಗ್ಲಾದೇಶಕ್ಕೆ ಸುಂಕ ಬಿಟ್ಟಿತು. 2011ರಲ್ಲಿ ನಿಯಮ ಇನ್ನೂ ಸಡಿಲವಾಗಿ, ಬಟ್ಟೆ ಎಲ್ಲಿಂದ ತಂದರೂ ಸರಿ, ಅಲ್ಲಿ ಹೊಲಿದರೆ ಸಾಕು ಅಂತಾಯಿತು. ಕೆಲಸಗಳೇನೋ ಬಂದವು, ಲಕ್ಷಗಟ್ಟಲೆ. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಮೊದಲ ಸಲ ಸಂಬಳ ಬಂತು, ಅದನ್ನು ಸಣ್ಣದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಲ್ಲಿನ ಗಾರ್ಮೆಂಟ್ಸ್ ಕನಿಷ್ಠ ಕೂಲಿ 1994ರಲ್ಲಿ ತಿಂಗಳಿಗೆ 930 ಟಾಕಾ ಇದ್ದದ್ದು, ಸುಂಕ ಹೋದ ಮೇಲೂ 930ರಲ್ಲೇ ಕೂತಿತ್ತು. ಏರಿದ್ದು 2006ರಲ್ಲಿ, ಜನ ಬೀದಿಗಿಳಿದ ಮೇಲೆ. 5,300 ಆಗಿದ್ದು 2013ರಲ್ಲಿ. ಆ ಏಪ್ರಿಲ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಿದ್ದರು.

ನಮ್ಮ ಕಡೆಯೂ ಹಾಗೇ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಅಡ್ಡಿ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ಹೊಸೂರು ರಸ್ತೆಯಲ್ಲಿ ಕೂತರು. ಎರಡೇ ದಿನ, ಆದೇಶ ವಾಪಸ್ಸು. ಆಗ ಟಿವಿಯಲ್ಲಿ ಬಸ್ಸು ಸುಟ್ಟಿದ್ದನ್ನೇ ತೋರಿಸಿದರು. ನಾನು ಅಂಧೇರಿಯ ಆಫೀಸಿನಲ್ಲಿ ಶಿಪ್‌ಮೆಂಟು ಲೇಟಾಗುತ್ತಲ್ಲ ಅಂತ ಬೈಯರ್‌ಗೆ ಮೇಲ್ ಬರೆಯುತ್ತಿದ್ದೆ.

ಅಂದ ಹಾಗೆ ಒಪ್ಪಂದ ಅನ್ನುವುದು ಒಂದೇ ಕಡೆಗೆ ಓಡುವ ಲೋಕಲ್ ಅಲ್ಲ. 2011ರಲ್ಲಿ ನಾವೂ ಬಾಂಗ್ಲಾದೇಶದ ಬಟ್ಟೆಗೆ ಸುಂಕ ತೆಗೆದೆವು. ಇಲ್ಲಿ ಮಲಾಡಿನ ಮಾಲ್‌ನಲ್ಲಿ ಮಗನಿಗೆ ತಂದ ಪ್ಯಾಂಟಿನ ಒಳಗೆ ಢಾಕಾದ ಲೇಬಲ್ಲು. ಚೆನ್ನಾಗಿದೆ, ಅಗ್ಗ. ಹೊಲಿಗೆ ತಿರುಗಿಸಿ ನೋಡಿದೆ, ತಪ್ಪು ಹುಡುಕಲು ಆಗಲಿಲ್ಲ.

ಭಾನುವಾರ ಫೋನ್ ಮಾಡಿದೆ. "ಆರ್ಡರ್ ಬರಬಹುದು ಕಣವ್ವ, ಕೆಲಸ ಉಳೀತದೆ, ಓಟಿನೂ ಸಿಗಬಹುದು. ಸಂಬಳ ಮಾತ್ರ ತಾನಾಗೇ ಏರಲ್ಲ. ನೀವೆಲ್ಲ ಸೇರಿ ಕೇಳಬೇಕು, ಸರ್ಕಾರ ಕನಿಷ್ಠ ಕೂಲಿ ಏರಿಸಬೇಕು" ಅಂತ ಲೆಕ್ಕವನ್ನೂ ಬಿಡಿಸಿ ಹೇಳಿದೆ. ಆ ಕಡೆ ಪಾತ್ರೆ ತೊಳೆಯುವ ಸದ್ದು.

"ಅದು ನಂಗೂ ಗೊತ್ತು ಬುಡು ಮಾವ" ಅಂದಳು. "ನಾನೀಗ ಗಂಟೆಗೆ ಅರವತ್ತು ಕಾಲರ್ ಕೂರಿಸ್ತೀನಿ. ಆರ್ಡರ್ ಜಾಸ್ತಿ ಬಂದ್ರೆ ಎಪ್ಪತ್ತು ಮಾಡು ಅಂತಾರಾ? ಆ ಟಾರ್ಗೆಟ್ಟು ಯಾರು ಬರೆಯೋದು, ನಿಮ್ಮ ಆಫೀಸ್ನೋರಾ?"

"ಹೂಂ" ಅಂದೆ.