ನಾವು ಬಿಲ್ಲೆ ಮಾಡಿಕೊಂಡ ಚೂರು

ಚಿಕ್ಕವರಿದ್ದಾಗ ನಮ್ಮ ಕುಂಟೆಬಿಲ್ಲೆಗೆ ಬಿಲ್ಲೆ ಸಿಗುತ್ತಿದ್ದುದು ಒಡೆದ ಸಿಮೆಂಟ್ ಶೀಟಿನಿಂದ. ಗಾಳಿಮಳೆಗೆ ಮನೆ ಮೇಲಿನ ಶೀಟು ಒಡೆದರೆ ದೊಡ್ಡವರಿಗೆ ಖರ್ಚು, ನಮಗೆ ಹಬ್ಬ. ಚೂರನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಳ್ಳುತ್ತಿದ್ದೆವು, ಏಳುವ ಪುಡಿಯನ್ನು ಉಫ್ ಅಂತ ಊದುತ್ತಿದ್ದೆವು. ಅಂಥ ಹಳೆಯ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ.

ಇದೆಲ್ಲ ನೆನಪಾಗಿದ್ದು ರೋರೊ ಗುಡ್ಡದ ಬಗ್ಗೆ ಓದುವಾಗ. ಜಾರ್ಖಂಡಿನ ಚಾಯಿಬಾಸಾ ಹತ್ತಿರ ಇದೆ ಅದು. ಸುತ್ತ ಹೋ ಆದಿವಾಸಿಗಳ ಹಳ್ಳಿಗಳು. ಅಲ್ಲಿನ ಕಲ್ನಾರಿನ ಗಣಿ 1983ರಲ್ಲಿ ಮುಚ್ಚಿತು. ಕೆಲಸ ಹೋಯಿತು, ಆದರೆ ಲಕ್ಷಗಟ್ಟಲೆ ಟನ್ ಗಣಿ ಕಸ ಗುಡ್ಡದ ಮೇಲೇ ಉಳಿಯಿತು. ಮಳೆ ಬಂದರೆ ಅದು ಗದ್ದೆಗೆ ಇಳಿಯುತ್ತದೆ. ಅಲ್ಲಿನ ಮಕ್ಕಳೂ ಅದರ ಮೇಲೆ ಆಡಿದ್ದಾರೆ, ನಮ್ಮ ಹಾಗೆಯೇ.

ಕಲ್ನಾರಿನ ಎಳೆ ಕಣ್ಣಿಗೆ ಕಾಣುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಕೂತು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಕೆಲವರಿಗೆ ಕ್ಯಾನ್ಸರ್ ಬರುತ್ತದೆ, ಅದೂ 20, 30, 40 ವರ್ಷದ ಮೇಲೆ. ಆಸ್ಟ್ರೇಲಿಯಾದ ವಿಟ್ಟೆನೂಮ್ ಗಣಿ 1966ರಲ್ಲೇ ಮುಚ್ಚಿತು. ಅಲ್ಲಿ ಗಣಿ ಪುಡಿಯಲ್ಲಿ ಆಡಿದ ಮಕ್ಕಳಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಕಾಯಿಲೆ ಕಾಣಿಸಿತು.

ಅದಕ್ಕೇ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ, ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಎಂದಿತು. ಆದರೆ ಕೂಲಿಗೆ ಹೋದವರ ಹೆಸರು ಯಾವ ಪುಸ್ತಕದಲ್ಲಿರುತ್ತದೆ? ಮುದುಕರು ಕೆಮ್ಮಿದರೆ ಬೀಡಿ ಅನ್ನುತ್ತೇವೆ, ಟಿಬಿ ಅನ್ನುತ್ತೇವೆ. ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳುವುದಿಲ್ಲ.

ಇದನ್ನು ಮನೆಯಲ್ಲಿ ಹೇಳಿದೆವು. "ಶೀಟು ತೆಗೆದರೆ ಹಂಚಿಗೆ ದುಡ್ಡು ಎಲ್ಲಿಂದ ತರೋದು?" ಅಂದರು. ಉತ್ತರ ನಮ್ಮ ಹತ್ತಿರ ಇರಲಿಲ್ಲ. ಆದರೆ ಗಟ್ಟಿಯಾಗಿರುವ ಶೀಟನ್ನು ಹೆದರಿ ಇವತ್ತೇ ಕೀಳಬೇಕಿಲ್ಲ, ಅಪಾಯ ಇರುವುದು ಪುಡಿಯಲ್ಲಿ. ಒಣ ಶೀಟನ್ನು ಕೊಯ್ಯಬೇಡಿ, ಒಡೆಯಬೇಡಿ. ತೆಗೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿ. ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಣಿಯಲ್ಲೋ ಶೀಟಿನ ಕಾರ್ಖಾನೆಯಲ್ಲೋ ದುಡಿದವರು ಮನೆಯಲ್ಲಿದ್ದರೆ, ಡಾಕ್ಟರ ಹತ್ತಿರ ಮೊದಲು ಆ ಮಾತು ಹೇಳಿ.

ಮಕ್ಕಳಿಗೆ ಬಿಲ್ಲೆ ಬೇಕಾದರೆ ಹಂಚಿನ ಚೂರು ಕೊಡಿ.